ಬಚುಲಿ ಅಜ್ಜಿಯ ಒಂಬತ್ತನೇ ಉಸಿರು

ಬಚುಲಿ ಅಜ್ಜಿ ಅಂಗಳದಲ್ಲಿ ಕಣ್ಣು ಮುಚ್ಚಿ, ಹೆಬ್ಬೆರಳಿಂದ ಎರಡೂ ಕಿವಿ ಒತ್ತಿಕೊಂಡು, ಗುಂಯ್ ಎಂದು ಭ್ರಾಮರಿ ಪ್ರಾಣಾಯಾಮ ಮಾಡುತ್ತಿದ್ದಾಗಲೇ ಮನೆಗೋಡೆಯ ಗೂಡಿನಿಂದೆದ್ದ ಜೇನುಹಿಂಡು ಸೀದಾ ಬಂದು ಅವಳ ತಲೆಯ ಸೆರಗಿನ ಮೇಲೆ ಕೂತಿತು. ಕುಂಬಳಕಾಯಿ ಗಾತ್ರ, ಸುಳ್ಳಲ್ಲ!

"ಓಡಜ್ಜಿ!" ಪಕ್ಕದ ಮನೆಯ ಖೀಮ್ ಸಿಂಗ್ ಚಾವಣಿ ಮೇಲಿಂದ ಕಿರುಚಿದ.

"ಬಾಯ್ಮುಚ್ಚೋ ಮಾರಾಯ! ಅಲ್ಲಾಡಿದ್ರೆ ಅತ್ತೆ ಮುಖ ಉಳಿಯುತ್ತಾ?" ಎನ್ನುತ್ತ ಸೊಸೆ ಹೇಮಂತಿ ಬುಟ್ಟಿ ಹಿಡಿದು ಓಡಿಬಂದಳು. ಅಜ್ಜಿಗೆ ಒಂದೂ ಕೇಳಿಸಲಿಲ್ಲ. ಅವಳದು ದಿನಾ ಒಂಬತ್ತೇ ಉಸಿರು, ಇದು ಎಂಟನೆಯದು. ಹೇಮಂತಿ ಹಿಂಡಿನ ಮೇಲೆ ಬುಟ್ಟಿ ಬೋರಲು ಹಿಡಿದಳು. ಜೇನು ಮೆಲ್ಲಗೆ ಒಳಗೆ ಹತ್ತತೊಡಗಿತು. ಒಂಬತ್ತನೇ ಉಸಿರು ಬೆಟ್ಟ ಹತ್ತುವ ಬಸ್ಸಿನ ಹಾಗೆ ಎಳೆದೇ ಎಳೆಯಿತು. ಕೊನೆಯ ಜೇನು ಬುಟ್ಟಿ ಸೇರುವುದಕ್ಕೂ ಅಜ್ಜಿ ಕಿವಿ ಬಿಡುವುದಕ್ಕೂ ಸರಿಹೋಯಿತು.

ಅಜ್ಜಿಯ ಬೆನ್ನ ಹಿಂದೆ ಸೊಸೆಯ ಕೈಲಿದ್ದ ಬುಟ್ಟಿ ಗುಂಯ್‌ಗುಡುತ್ತಲೇ ಇತ್ತು.

"ಹೇಮಂತಿ, ಸಿದ್ಧಿ ಆಯ್ತು ಕಣೇ!" ಅಜ್ಜಿ ಕುಣಿದಳು. "ನಾನು ನಿಲ್ಸಿದ್ರೂ ನಿಲ್ತಾ ಇಲ್ಲ!"