ನಾಲ್ಕನೆಯ ಸಾಲು

"ಎತ್ತಿಗೂ ಅಡ್ಡಹೆಸರು ಕೇಳ್ತೈತಲ್ಲ ಇದು!" ತಾನಾಜಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಗೊಣಗಿದ.

ಅಂದು ಸೋಮವಾರ. ಸೋಮವಾರ ಮಹಾರಾಷ್ಟ್ರದ ಗಡಿಯೂರು ಉಮದಿಯಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವೆಂದರೆ ಒಡೆಯನಿಗೂ ಬಿಡುವು. ಎಂಟಕ್ಕೇ ಕಟ್ಟೆಯ ಮೇಲೆ ಕೂತು, ಮೊನ್ನೆ ಜತ್ತದ ರೈತ ತರಬೇತಿಯಲ್ಲಿ ತೋರಿಸಿದ ವೆಬ್‌ಸೈಟಿನಲ್ಲಿ ಮನೆಯವರ ಕೆಲಸದ ವೇಳಾಪತ್ರಿಕೆ ಮಾಡುತ್ತಿದ್ದ. ಐದು ಹೆಸರಿನವರೆಗೆ ಪುಕ್ಕಟೆ. ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದು ಸೋಮವಾರ ಬಿಟ್ಟು ವಾರವೆಲ್ಲ ‘ದೇಖರೇಖಿ’, ಅಂದರೆ ಉಸ್ತುವಾರಿ, ಎಂದು ತುಂಬಿದ. ಎರಡನೆಯದೂ ಮೂರನೆಯದೂ ಸರ್ಜಾ, ರಾಜಾ ಎಂಬ ಎತ್ತುಗಳಿಗೆ. ಅವಕ್ಕೆ ತನ್ನದೇ ಮನೆತನದ ಅಡ್ಡಹೆಸರು, ತನ್ನದೇ ಮೊಬೈಲ್ ನಂಬರು ಕೊಟ್ಟ. ಮಧ್ಯಾಹ್ನ ಮೂರು ತಾಸು ವಿಶ್ರಾಂತಿ, ಸೋಮವಾರ ಸೂಟಿ. ಸೈಟು ಮೊದಲ ಸಲಕ್ಕೇ ಒಪ್ಪಿತು, ಆ ಸಾಲುಗಳು ಹಸಿರಾದವು. ನಾಲ್ಕನೆಯ ಸಾಲು ಹೆಂಡತಿ ಶೀತಲಳದು. ಕೊನೆಯದು ತಾಯಿ ಯಮನವ್ವನದು.

ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶೀತಲಳ ಕಿವಿ ಕಟ್ಟೆಯ ಕಡೆಗೇ ಇತ್ತು. ಹತ್ತರ ಬಸ್ಸಿಗೆ ಅವಳು ಜತ್ತಕ್ಕೆ ಹೋಗಬೇಕು. ಅಲ್ಲಿಯ ಪತಸಂಸ್ಥೆಯೊಂದರಲ್ಲಿ, ಅಂದರೆ ಸಾಲ ಕೊಡುವ ಸಹಕಾರಿ ಸಂಘದಲ್ಲಿ, ಕಾರಕೂನ ಕೆಲಸಕ್ಕೆ ಹನ್ನೆರಡಕ್ಕೆ ಸಂದರ್ಶನ. ಬಿ.ಕಾಂ. ಮುಗಿಸಿದ ಆರು ವರ್ಷದಲ್ಲಿ ಬಂದ ಮೊದಲ ಕರೆ. ಎಂಟು ದಿನದಿಂದ ಕೇಳುತ್ತಿದ್ದಾಳೆ. ಗಂಡ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ನಿನ್ನೆಯಷ್ಟೇ, "ವೇಳಾಪತ್ರಿಕಿ ಆಗ್ಲಿ. ಸೈಟ್ ನೀ ಖಾಲಿ ಅದಿ ಅಂದ್ರ ಹೋಗು, ನಂದೇನ್ ತಕರಾರಿಲ್ಲ" ಅಂದಿದ್ದ.

"ಏ, ದಿನಾ ಏನೇನ್ ಮಾಡ್ತಿ? ಹೇಳ್ ಲಗೂನ."

ಶೀತಲ ಅವಸರ ಮಾಡಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವಳಂತೆ ಒಂದೊಂದನ್ನೇ ಹೇಳಿದಳು. ಐದಕ್ಕೆ ಸಗಣಿ ಬಳಿಯುವುದು, ಎಮ್ಮೆ ಹಿಂಡುವುದು, ನೀರು ತುಂಬುವುದು, ರೊಟ್ಟಿ, ಬಟ್ಟೆ, ಹೊಲಕ್ಕೆ ಬುತ್ತಿ, ಹೊಲದಲ್ಲಿ ಕಳೆ, ಬರುವಾಗ ಮೇವಿನ ಹೊರೆ, ಮತ್ತೆ ಎಮ್ಮೆ, ಮತ್ತೆ ರೊಟ್ಟಿ. ತಾನಾಜಿ ಒತ್ತುತ್ತಾ ಹೋದ. ನಾಲ್ಕನೆಯ ಸಾಲು ಕಡುಗೆಂಪಾಯಿತು. ಮೊಬೈಲು ಒಮ್ಮೆ ನಡುಗಿ, ಮರಾಠಿಯಲ್ಲಿ ಸೂಚನೆ ಬಂತು: ಈ ಕೆಲಸಗಾರರಿಗೆ ದಿನಕ್ಕೆ ಹದಿನಾರು ತಾಸು ಬಿದ್ದಿದೆ, ವಾರಕ್ಕೊಂದು ಸೂಟಿ ಕೊಡದೆ ಮುಂದೆ ಹೋಗಲಾಗದು.

"ಸೂಟಿ ಅಂತ!" ತಾನಾಜಿ ನಕ್ಕ. "ಪುಣೆದ ಮಂದಿ ಮಾಡಿರಬೇಕು ಈ ಸೈಟು. ಮನಿ ಅಂದ್ರೇನ್ ಗೊತ್ತಿಲ್ಲ ಇದಕ್ಕ."

"ಕೊಟ್ಟ ಬಿಡ್ರಲಾ. ಇವತ್ತ ಸೋಮವಾರಾನ ಬರೀರಿ," ಒಳಗಿನಿಂದ ಶೀತಲ ಅಂದಳು.

"ನೀ ಸುಮ್ನ ರೊಟ್ಟಿ ಬಡಿ. ರೊಟ್ಟಿ ಬಡಿಯೂದೇನ್ ಕೆಲಸಾ? ಎಲ್ಲಾರ ಮನ್ಯಾಗೂ ಬಡೀತಾರ." ಅವನು ರೊಟ್ಟಿಯನ್ನು ಅಳಿಸಿದ. ಕೆಂಪು ಕೊಂಚ ತಿಳಿಯಾಯಿತು. ಅದರಿಂದ ಅವನಿಗೆ ಹುರುಪು ಬಂತು. "ನೀರು? ನಳ ಬಾಗಲದಾಗ ಐತಿ." ಅಳಿಸಿದ. "ಹಾಲು? ಎಮ್ಮಿ ತಾನ ಕೊಡತೈತಿ." ಅಳಿಸಿದ. ಕಳೆಯ ಹತ್ತಿರ ಬಂದಾಗ ಅವನ ಬೆರಳು ಒಂದು ಗಳಿಗೆ ತಡೆಯಿತು. "ಸ್ವಂತ ಹೊಲದಾಗ ಎಂಥಾ ಕೆಲಸ," ಎಂದು ಅದನ್ನೂ ತೆಗೆದ. ಕೊನೆಗೆ ಸಾಲು ಒಗೆದ ಧೋತರದಷ್ಟು ಬೆಳ್ಳಗಾಯಿತು. ತಾಯಿಯ ಸಾಲಿನಲ್ಲಿ ಏನಾದರೂ ಬರೆಯುವ ಗೋಜಿಗೇ ಅವನು ಹೋಗಲಿಲ್ಲ. ಸೈಟು ಅಭಿನಂದನೆ ಹೇಳಿತು. ತಾನಾಜಿ ಕೂಡಲೇ ಅದನ್ನು ತರಬೇತಿಯವರ ವಾಟ್ಸಾಪ್ ಗುಂಪಿಗೆ ಕಳಿಸಿದ. ನಲವತ್ತು ರೈತರಲ್ಲಿ ಮೊದಲು ಮುಗಿಸಿದವನು ಅವನೇ. ತರಬೇತಿಯ ಸಾಹೇಬರು ಎರಡು ನಿಮಿಷದಲ್ಲಿ ಹೆಬ್ಬೆರಳು ಎತ್ತಿದರು.

"ಬಾ ಇಲ್ಲಿ, ನೋಡು, ಎಷ್ಟ ಚಲೋ ಆಗೇತಿ! ಸಾಹೇಬ್ರೂ ಭೇಷ್ ಅಂದ್ರು!"

ಶೀತಲ ಹಿಟ್ಟಿನ ಕೈಯಲ್ಲೇ ಬಂದು ಬಗ್ಗಿ ನೋಡಿದಳು. ತನ್ನ ಹೆಸರಿನ ಮುಂದೆ ಬರೆದದ್ದನ್ನು ಎರಡು ಸಲ ಓದಿದಳು: ದಿನಪೂರ್ತಿ ಖಾಲಿ. ಒಳಗೆ ಹೋದವಳು, ಒಲೆ ಆರಿಸಿ, ಕೈ ತೊಳೆದು, ಇಸ್ತ್ರಿಯ ಸೀರೆ ಉಟ್ಟು, ಫೈಲು ಹಿಡಿದು ಹೊರಗೆ ಬಂದಳು.

"ಎಲ್ಲಿಗೆ?"

"ಜತ್ತಕ್ಕರಿ. ಮುಲಾಖತ್ ಐತಲ್ಲ."

"ಮತ್ತ ರೊಟ್ಟಿ?"

"ಅದನ್ನ ನೀವ ತಗದೀರಲ್ರಿ."

"ಏ ಹುಚ್ಚಿ, ಅದು ಸೈಟಿನ ಸಲುವಾಗಿ..."

"ಸೈಟ್ ಖಾಲಿ ಅಂದ್ರ ಹೋಗು ಅಂದಿದ್ರಿ. ದಿನಪೂರ್ತಿ ಖಾಲಿ ಅಂದೈತಿ. ನಿಮ್ಮ ಸಾಹೇಬ್ರೂ ನೋಡಿ ಭೇಷ್ ಅಂದಾರ."

ತಾನಾಜಿ ಗಡಿಬಿಡಿಯಿಂದ ನಾಲ್ಕನೆಯ ಸಾಲನ್ನು ಒತ್ತಿದ. ಮತ್ತೆ ಒತ್ತಿದ. ಒಪ್ಪಿಗೆಯಾದ ವೇಳಾಪತ್ರಿಕೆಯನ್ನು ಒಂದು ವಾರ ಬದಲಿಸಲು ಬರುವುದಿಲ್ಲ ಎಂದಿತು ಸೈಟು, ಬಹಳ ವಿನಯದಿಂದ.

ಇಷ್ಟೂ ಹೊತ್ತು ಗೋಡೆಗೆ ಒರಗಿ ಜೋಳದೊಳಗಿನ ಹರಳು ಆರಿಸುತ್ತಿದ್ದ ಯಮನವ್ವ ತಲೆ ಎತ್ತಿದಳು. "ತಾನಾಜಿ, ಅದರಾಗ ನಂದೂ ಹೆಸರು ಐತೇನೋ?"

"ಐತಿ ಯವ್ವಾ."

"ಏನ್ ಬರದಿ ನನ್ನ ಮುಂದ?"

ಮಗ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ಅಂಗಳಕ್ಕೆ ಇಳಿದಿದ್ದ ಶೀತಲಳೇ ಹೇಳಿದಳು, "ನಿಮ್ದೂ ಖಾಲಿನ ಐತ್ರಿ, ಅತ್ತಿ."

ಯಮನವ್ವ ಉಡಿಯ ಹೊಟ್ಟು ಝಾಡಿಸಿ ಎದ್ದು ಚಪ್ಪಲಿ ಹುಡುಕತೊಡಗಿದಳು.

"ನಿಲ್ಲವಾ ಶೀತಲಾ, ನಾನೂ ಬರ್ತೀನಿ. ಈ ಮನ್ಯಾಗ ನಲವತ್ತ ವರ್ಷ ಖಾಲಿ ಕುಂತು ಕುಂತು ಭಾಳ ಬ್ಯಾಸರ ಆಗೇತಿ."