ಏಳನೆಯ ಬಾಣ

"ಕಾರ್ಬನ್ನೋ, ಅಲ್ಯೂಮಿನಿಯಮ್ಮೋ? ನೀವ ಹೇಳ್ರಿ ವಿಲ್ಸನ್ನವರ," ಎಂದು ಡಾಕ್ಟರ್ ರುದ್ರೇಶ ಬಾಣಗಳ ಎರಡು ಕಟ್ಟುಗಳನ್ನು ಬಿಲ್ಲುಗಾರಿಕೆ ಕ್ಲಬ್ಬಿನ ಮೇಜಿನ ಮೇಲಿಟ್ಟರು. "ಹಂಗೇರಿಗೆ ಹೊಂಟೀವಿ. ಕಾಡುಹಂದಿ ಬ್ಯಾಟಿ. ನಾಳೆ ಸಂಜೀಕ ವಿಮಾನ."

ವಿಲ್ಸನ್‌ನ ಕೈ ಕಟ್ಟಿನತ್ತ ಚಾಚಿದಲ್ಲೇ ನಿಂತಿತು. ಇಂಗ್ಲೆಂಡಿನಲ್ಲಿ ಬಿಲ್ಲು ಹಿಡಿದು ಬೇಟೆಯಾಡಲು ಕಾನೂನು ಬಿಡುವುದಿಲ್ಲ. ಆಡಬೇಕೆಂದರೆ ಹಂಗೇರಿಗೋ ಇನ್ನೆಲ್ಲಿಗೋ ಹೋಗಬೇಕು. ಹೋಗೋಣ ಹೋಗೋಣ ಎಂದು ಒಂಬತ್ತು ವರ್ಷಗಳಿಂದ ಈ ಕ್ಲಬ್ಬಿನಲ್ಲಿ ಹೇಳುತ್ತ ಬಂದವನು ಅವನೇ. ಈ ಡಾಕ್ಟರು ಬಂದು ಸೇರಿ ಎರಡು ವರ್ಷವಾಗಿತ್ತು, ಅದೂ ವಿಲ್ಸನ್ ಕರೆತಂದದ್ದು. ಬಿಲ್ಲನ್ನು ಹಿಡಿಯುವುದು ಹೇಗೆಂದು ಬೆರಳು ಹಿಡಿದು ತೋರಿಸಿಕೊಟ್ಟವನೂ ಅವನೇ.

"ಯಾರೆಲ್ಲ ಹೋಗುವುದು?"

"ನಾವು ನಾಲ್ಕು ಮಂದಿ. ನಿಮ್ಮನ್ನ ಕೇಳಬೇಕಂತ ಬಾಯಿಗೆ ಬಂದಿತ್ತು ನೋಡ್ರಿ. ಆದ್ರ ವೇರ್‌ಹೌಸ್ ಕೆಲಸ, ನಿಮಗ ರಜಾ ಎಲ್ಲಿ ಸಿಗತೈತಿ? ಕೇಳಿ ಸುಮ್ನ ಮುಜುಗರ ಮಾಡೂದು ಬ್ಯಾಡ ಅಂತ ಬಿಟ್ವಿ."

ಪಾರ್ಕ್ ರಾಯಲ್‌ನ ಬಿಸ್ಕತ್ತಿನ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ವಿಲ್ಸನ್‌ಗೆ ಹದಿನೇಳು ದಿನಗಳ ರಜೆ ಹಾಗೇ ಉಳಿದಿತ್ತು. ಅವನು ಅದನ್ನು ಹೇಳಲಿಲ್ಲ. "ಅಲ್ಯೂಮಿನಿಯಂ ಬೇಡ ಡಾಕ್ಟ್ರೇ," ಎಂದ. "ಮೂಳೆಗೆ ತಾಗಿ ಒಮ್ಮೆ ಬಗ್ಗಿದರೆ ಬಗ್ಗಿದ ಹಾಗೇ ಉಳೀತದೆ. ಮರದ್ದು ತೇವಕ್ಕೆ ಸೊಟ್ಟಗಾಗ್ತದೆ. ಬಾಳಿಕೆಗೆ ಈ ದಪ್ಪ ಕಾರ್ಬನ್ನೇ ಸರಿ. ಆದ್ರೆ ಅದಕ್ಕೆ ಒಂದು ಕೆಟ್ಟ ಗುಣ ಉಂಟು. ಒಳಗೆ ಬಿರುಕು ಬಿಟ್ಟರೂ ಹೊರಗೆ ಕಾಣುವುದಿಲ್ಲ, ಬಗ್ಗಿಸಿದರೆ ಸಣ್ಣ ಸದ್ದು ಮಾತ್ರ ಕೇಳ್ತದೆ. ಬಿಟ್ಟ ಕೂಡಲೇ ಚೂರಾಗಿ ಬಿಲ್ಲು ಹಿಡಿದ ಕೈಯೊಳಗೇ ಹೊಕ್ತದೆ."

"ಅದಕ್ಕ ನಿಮ್ಮ ಹತ್ರ ತಂದೀನಿ. ನಿಮ್ಮ ಕಿವಿ ಮ್ಯಾಲ ನನಗ ಭಾಳ ನಂಬಿಗಿ."

ವಿಲ್ಸನ್ ಹನ್ನೆರಡು ಕಾರ್ಬನ್ ಬಾಣಗಳನ್ನು ಒಂದೊಂದಾಗಿ ಎತ್ತಿಕೊಂಡ. ಎರಡೂ ತುದಿ ಹಿಡಿದು ಕಿವಿಯ ಬಳಿ ತಂದು ಮೆಲ್ಲಗೆ ಬಗ್ಗಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಬಗ್ಗಿಸಿದ. ಆರು ಬಾಣಗಳಲ್ಲಿ ಸದ್ದಿಲ್ಲ. ಏಳನೆಯದು ಒಣಗಿದ ಅವರೆಕಾಯಿ ಸಿಡಿದ ಹಾಗೆ, ತೀರ ಸಣ್ಣಗೆ, ಟಿಕ್ ಎಂದಿತು. ಡಾಕ್ಟರು ಅತ್ತ ಕಡೆ ಯಾರಿಗೋ ಹಂಗೇರಿಯ ಕಾಡಿನ ಫೋಟೋ ತೋರಿಸಿ ನಗುತ್ತಿದ್ದರು. ವಿಲ್ಸನ್ ಅದನ್ನು ಮಿಕ್ಕವುಗಳ ಜೊತೆಗೇ ಇಟ್ಟು ಎಂಟನೆಯದನ್ನು ಎತ್ತಿಕೊಂಡ.

"ಹನ್ನೆರಡೂ ಒಳ್ಳೆಯದುಂಟು," ಎಂದ. ಡಾಕ್ಟರು ಅವನ ಬೆನ್ನು ತಟ್ಟಿ ಹೊರಟರು.

ಆ ಸಂಜೆ ಅವನು ಟೀವಿಯ ಮುಂದೆ ಕೂತ. ಡಾಕ್ಟರೇ ಇನ್ನೊಮ್ಮೆ ನೋಡಿಕೊಳ್ಳುತ್ತಾರೆ ಎಂದುಕೊಂಡ. ಎಲ್ಲ ಬಿರುಕೂ ಒಡೆಯಬೇಕೆಂದಿಲ್ಲ ಎಂದುಕೊಂಡ. ಒಡೆದರೆ ಒಡೆಯಲಿ ಎಂದೂ ಒಮ್ಮೆ ಅಂದುಕೊಂಡು, ತನಗೇ ಹೆದರಿ, ಟೀವಿಯ ಸದ್ದು ಹೆಚ್ಚಿಸಿದ. ಮರುದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆಯ ನಡುವೆ ಎಲ್ಲರೂ ಅಕ್ಕಪಕ್ಕದವರಿಗೆ ಶಾಂತಿ ಹೇಳಿ ಕೈಕುಲುಕುವ ಹೊತ್ತು ಬಂತು. ಹಿಂದಿನ ಸಾಲಿನಿಂದ ಗುರುತಿಲ್ಲದ ಮುದುಕರೊಬ್ಬರು ಕೈ ಚಾಚಿದರು. ಆ ಬೆಚ್ಚನೆಯ, ಸಣಕಲು ಕೈ ತನ್ನ ಕೈಯೊಳಗೆ ಕೂತ ಕೂಡಲೇ ವಿಲ್ಸನ್‌ಗೆ ನಿಲ್ಲಲಾಗಲಿಲ್ಲ. ಮಗ್ಗುಲಲ್ಲಿದ್ದ ಹೆಂಡತಿಗೆ, "ಜೂಲಿಯಾ, ನೀನು ಬಸ್ಸಿಗೆ ಬಾ," ಎಂದಷ್ಟೇ ಹೇಳಿ ಕಾರು ಹತ್ತಿದ.

ಸ್ಟ್ಯಾನ್ಮೋರ್‌ನ ಆ ದೊಡ್ಡ ಮನೆಯ ಬಾಗಿಲು ತೆಗೆದದ್ದು ಡಾಕ್ಟರ ಹೆಂಡತಿ ಮಾಳವಿಕಾ. "ಬನ್ನಿ ಬನ್ನಿ, ಕಾಫಿ ಮಾಡ್ತೀನಿ," ಎನ್ನುತ್ತ ಒಳಗೆ ಹೋದರು. ರುದ್ರೇಶ ಹಾಲ್‌ನಲ್ಲಿ ಸೂಟ್‌ಕೇಸಿನ ಮುಂದೆ ಮಂಡಿಯೂರಿ ಕೂತಿದ್ದರು.

"ಡಾಕ್ಟ್ರೇ, ಆ ಬಾಣಗಳು..."

"ಒಂದು ತೆಗದು ಒಗದೀನ್ರಿ," ಎಂದು ರುದ್ರೇಶ ನಕ್ಕರು. "ರಾತ್ರಿ ಕಟ್ಟಿಡೂ ಮುಂದ ಸುಮ್ನ ಬಗ್ಗಿಸಿ ನೋಡಿದೆ. ನೀವ ಕಲಿಸಿದ್ದಲ್ರೀ. ಒಂದರೊಳಗ ಸದ್ದು ಬಂತು. ನಿಮಗ ಹೇಳಬಾರದಂತ ಮಾಡಿದ್ದೆ." ಅವರು ಎದ್ದು ಬಂದು ದನಿ ತಗ್ಗಿಸಿದರು. "ತಪ್ಪ ತಿಳ್ಕೋಬ್ಯಾಡ್ರಿ. ಐವತ್ತೈದು ದಾಟಿದ ಮ್ಯಾಲ ಸಣ್ಣ ಸದ್ದು ಕೇಳಸೂದಿಲ್ಲ, ಎಲ್ಲಾರಿಗೂ ಆಗೂದ. ಒಮ್ಮೆ ನಿಮ್ಮ ಜಿಪಿ ಡಾಕ್ಟರಿಗ ಕಿವಿ ತೋರಸ್ರಿ. ಕ್ಲಬ್ಬಿನ್ಯಾಗ ಯಾರ ಮುಂದೂ ಆಡೂದಿಲ್ಲ ನಾನು."

ಅಷ್ಟಕ್ಕೇ ಮುಗಿಸಬಹುದಿತ್ತು. ಹೌದು, ವಯಸ್ಸಾಯ್ತು ಎಂದು ಒಂದು ಮಾತು ಹೇಳಿ, ಕಾಫಿ ಕುಡಿದು, ಪ್ರಯಾಣ ಸುಖವಾಗಲಿ ಎಂದು ಹರಸಿ ಬರಬಹುದಿತ್ತು. ವಿಲ್ಸನ್ ಡಾಕ್ಟರ ಮುಖ ನೋಡಿದ. ಅಲ್ಲಿ ಅವನ ಬಗ್ಗೆ ನಿಜವಾದ ಮರುಕವಿತ್ತು. ನಿನ್ನೆಯ ಹೊಟ್ಟೆಕಿಚ್ಚಿಗಿಂತ ಆ ಮರುಕ ಅವನನ್ನು ಹೆಚ್ಚು ಸುಟ್ಟಿತು.

"ನನ್ನ ಕಿವಿಗೆ ಏನೂ ಆಗಲಿಲ್ಲ ಡಾಕ್ಟ್ರೇ," ಎಂದ. "ಏಳನೆಯದು. ನಿನ್ನೆ ನನಗೆ ಕೇಳಿಸಿತ್ತು."

ರುದ್ರೇಶರಿಗೆ ಮೊದಲು ಅರ್ಥವಾಗಲಿಲ್ಲ. ತುಟಿಯ ಮೇಲೆ ನಗು ಇನ್ನೂ ಉಳಿದಿತ್ತು. ಆಮೇಲೆ ಅದು ಮೆಲ್ಲಗೆ ಇಳಿಯಿತು. ಅವರು ಬಿಲ್ಲು ಹಿಡಿಯುವ ತಮ್ಮ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿಕೊಂಡರು.

"ವಿಲ್ಸನ್ ಅವರಿಗೆ ಸಕ್ಕರೆ ಎಷ್ಟು?" ಅಡುಗೆಮನೆಯಿಂದ ಮಾಳವಿಕಾ ಕೂಗಿ ಕೇಳಿದರು.

"ಕಾಫಿ ಬ್ಯಾಡಂತ," ಎಂದರು ರುದ್ರೇಶ, ವಿಲ್ಸನ್‌ನ ಮೇಲಿಂದ ಕಣ್ಣು ತೆಗೆಯದೆ. "ಅವರಿಗ ಹೊತ್ತಾತಂತ."