ಹಿಪ್ಪುನೇರಳೆಯ ಕೆಳಗಿನ ಗೋರಿ

ನಗರಸಭೆಯ ಪರೀಕ್ಷಕಿ ಮುನವ್ವರ್ ಚೂರಿಯ ತುದಿಯನ್ನು ಗೋರಿಯ ಎರಡು ಇಟ್ಟಿಗೆಗಳ ಸಂದಿಗೆ ತೂರಿಸಿದಳು. ತುರ್ದಿಮತ್‌ನ ಕಣ್ಣು ಆ ತುದಿಯ ಮೇಲೇ ಇತ್ತು.

ಅದು ಸಂತರ ಗೋರಿ, ಆರುನೂರು ವರ್ಷದ್ದು ಎಂದು ಮೊಹಲ್ಲಾದ ನಲವತ್ತು ಮನೆಯವರೂ ಬರೆದುಕೊಟ್ಟಿದ್ದರು. ನಿಜದಲ್ಲಿ ಅದಕ್ಕೆ ಹನ್ನೊಂದು ದಿನ. ಮೇ ತಿಂಗಳಲ್ಲಿ, ಹಿಪ್ಪುನೇರಳೆ ಹಣ್ಣು ಉದುರುವ ಹೊತ್ತಿಗೆ, ಮೊದಲ ಇಟ್ಟಿಗೆ ಇಟ್ಟವನು, ಎಲ್ಲರೂ ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುವ ಗಾರೆಯವ ತುರ್ದಿಮತ್‌. ಸಿಕ್ಕಿಬಿದ್ದರೆ ಮೊದಲು ಜೈಲಿಗೆ ಹೋಗುವವನೂ ಅವನೇ.

ಆಕೆ ಉದುರಿದ ಗಾರೆಯ ಚೂರನ್ನು ಮೂಗಿಗೆ ಹಿಡಿದಳು.

"ಕಟ್ಟಿದವರಿಗೆ ಚಹಾ ಅಂದ್ರೆ ಬಹಳ ಇಷ್ಟ ಅನ್ಸುತ್ತೆ, ಉಸ್ತಾ."

ತುರ್ದಿಮತ್‌ನ ಕೈಗಳು ಬೆನ್ನ ಹಿಂದೆ ಸರಿದವು. ಹಳೆಯ ಬಣ್ಣ ಬರಲೆಂದು ಗಾರೆಗೆ ಮೂರು ಬಕೆಟ್ಟು ಚಹಾದ ಗಷ್ಟು ಸುರಿದಿದ್ದ.

"ಭಕ್ತರು ತಂದಿರ್ತಾರೆ ಕಣಮ್ಮ," ಎಂದು ರೋಬಿಯಾ ಅಪಾ ನಡುವೆ ಬಾಯಿ ಹಾಕಿದಳು. ಮೂವರು ಗಂಡಂದಿರನ್ನು ಮಣ್ಣುಮಾಡಿದ ಮುದುಕಿ; ಮೊಹಲ್ಲಾಕ್ಕೆಲ್ಲ ಅವಳೇ ಅಪಾ, ಹಿರಿಯಕ್ಕ. "ಆರುನೂರು ವರ್ಷ ಚೆಲ್ಲಿದ್ರೆ ಕಲ್ಲಿಗೂ ವಾಸನೆ ಹತ್ತುತ್ತೆ. ಬಾ, ರೊಟ್ಟಿ ಮುರಿ."

"ಬೇಡ ಅಪಾ. ಹೊಟ್ಟೆ ತುಂಬಿದೆ."

ಮುನವ್ವರ್ ರೊಟ್ಟಿಯತ್ತ ನೋಡಲೂ ಇಲ್ಲ. ಕಾಗದದ ಮೇಲೆ 'ಪ್ರಾಚೀನ' ಎಂದು ಬರೆದು, ರುಜು ಹಾಕಿ, ತಲೆ ತಗ್ಗಿಸಿಕೊಂಡೇ ಕಾರು ಹತ್ತಿದಳು.

"ಗೊತ್ತಾಗಿದ್ರೂ ಬಿಟ್ಟುಬಿಟ್ಟಳು," ಎಂದ ತುರ್ದಿಮತ್. "ಒಳ್ಳೆ ತಾಯಿ ಹೆತ್ತ ಮಗಳು."

"ಒಳ್ಳೆ ತಾಯಿ ಹೆತ್ತವಳು ರೊಟ್ಟಿ ಮುಟ್ಟದೆ ಹೋಗ್ತಾಳಾ?" ಎಂದಳು ರೋಬಿಯಾ.

ಇದೆಲ್ಲ ಶುರುವಾಗಿದ್ದು ಒಂದು ಬಣ್ಣದಿಂದ. ನಗರಸಭೆಯ ಹೊಸ ನಕ್ಷೆಯಲ್ಲಿ ಮೊಹಲ್ಲಾಕ್ಕೆ ಹಳದಿ ಬಳಿದಿದ್ದರು. ಹಳದಿ ಎಂದರೆ ಮನೆ ಕೆಡವಿ ಹದಿನಾರು ಅಂತಸ್ತು. ತುರ್ದಿಮತ್ ತನ್ನಪ್ಪನ ಜೊತೆ ಹಸಿ ಮಣ್ಣು ತುಳಿದು ಎಬ್ಬಿಸಿದ ಗೋಡೆ, ಅಂಗಳದ ದ್ರಾಕ್ಷಿ ಚಪ್ಪರ, ಮೂರು ತಲೆಮಾರು ಹುಟ್ಟಿದ ಕೋಣೆ, ಇಷ್ಟನ್ನೂ ಅಳಿಸಲು ಯಾರೋ ಒಬ್ಬನಿಗೆ ಒಂದು ಬಣ್ಣದ ಕಡ್ಡಿ ಸಾಕಾಗಿತ್ತು. ಆದರೆ ಹಳದಿಗೆ ಮನೆಮನೆಯ ರುಜು ಬೇಕು, ಮನೆಗೆ ಬದಲು ಮನೆ ಕೊಡಬೇಕು. ನಲವತ್ತರಲ್ಲಿ ಒಬ್ಬರೂ ರುಜು ಹಾಕಲಿಲ್ಲ. ಇನ್ನು ಪೊಲೀಸರನ್ನೇ ಕಳಿಸುತ್ತಾರೆಂಬ ಸುದ್ದಿ ಹಬ್ಬಿತು.

ದಾರಿ ತೋರಿಸಿದವನು ಸಯ್ದುಲ್ಲೊ. ಚಳಿಗಾಲದ ಕೊನೆಯಿಂದ ದಿನವೂ ಚಹಾದಂಗಡಿಗೆ ಬಂದು ಕೂರುತ್ತಿದ್ದ ಮೃದು ಮಾತಿನ ಮನುಷ್ಯ. ಬೆರಳ ಸಂದಿಯಲ್ಲಿ ಸದಾ ಒಂದು ಹಸಿರು ಪೆನ್ಸಿಲ್. ತಮ್ಮ ರೊಟ್ಟಿ ಮುರಿದು ತಿಂದವನನ್ನು ಯಾವ ಊರು, ಏನು ಕೆಲಸ ಎಂದು ಕೇಳುವ ವಾಡಿಕೆ ಆ ಮೊಹಲ್ಲಾದಲ್ಲಿ ಇರಲಿಲ್ಲ. ಕೇಳಲಿಲ್ಲ.

"ಸಂತರ ಗೋರಿ ಇದ್ದ ಕಡೆ ಹದಿನಾರಂತಸ್ತು ಎಬ್ಬಿಸೋ ಹಾಗಿಲ್ಲ, ಉಸ್ತಾ. ಕಾಯ್ದೆ ಇದೆ," ಎಂದಿದ್ದ ಏಪ್ರಿಲ್‌ನ ಒಂದು ಮಧ್ಯಾಹ್ನ.

"ನಮ್ಮಲ್ಲಿ ಗೋರಿ ಇಲ್ವಲ್ಲ, ಸಯ್ದುಲ್ಲೊ ಅಣ್ಣ."

"ಇನ್ನೂ ಇಲ್ಲ ಅನ್ನು."

ಚಹಾದ ಬಟ್ಟಲನ್ನು ಕಾಗದದ ಮೇಲೆ ಬೋರಲು ಹಾಕಿ, ಅದರ ಸುತ್ತ ಪೆನ್ಸಿಲ್ ಎಳೆದು, ನಡುವೆ ಒಂದು ಚುಕ್ಕಿ ಇಟ್ಟ. "ಹಿಪ್ಪುನೇರಳೆ ಮರದ ಕೆಳಗೇ ಆಗಬೇಕು. ಬೀದಿ ತುದಿಯಲ್ಲಿ ಕಟ್ಟಿದ್ರೆ ಅರ್ಧಕ್ಕರ್ಧ ಮನೆಗಳು ಹೊರಗೆ ಉಳಿಯುತ್ತವೆ. ನಟ್ಟನಡುವೆ ಇದ್ರೆ ಎಲ್ಲ ಮನೆಗೂ ಕಾಯ್ದೆ ತಾಗುತ್ತೆ."

ಹಳೆಯ ಇಟ್ಟಿಗೆಯನ್ನೂ ಅವನೇ ಹೊಂದಿಸಿದ. ಕೆಡವಿದ ಸ್ನಾನದ ಮನೆಯೊಂದರ ಚಪ್ಪಟೆ ಇಟ್ಟಿಗೆ, ಒಂದು ಲಾರಿ ತುಂಬ, ಗೆಳೆಯನ ಉಪಕಾರವಂತೆ. ಮರದ ಸುತ್ತ ಮದುವೆ ಡೇರೆ ಎಬ್ಬಿಸಿದರು. ಮೂರು ದಿನ ಹೊರಗೆ ತಮ್ಮಟೆ, ತುತ್ತೂರಿ. ಒಳಗೆ ನಲವತ್ತು ಮನೆಯ ಕೈಗಳು ಕೂಡಿ ಕೆಲಸ. ದಾರಿಹೋಕರು ಮದುಮಗಳಿಗೆ ಶುಭ ಕೋರಿ ಪಲಾವ್ ಉಂಡು ಹೋದರು. ಮದುಮಗಳು ಯಾರೆಂದು ಒಬ್ಬರೂ ವಿಚಾರಿಸಲಿಲ್ಲ.

ಗೋರಿ ಮುಗಿದ ದಿನದಿಂದ ಸಯ್ದುಲ್ಲೊ ಚಹಾದಂಗಡಿಗೆ ಬರಲಿಲ್ಲ.

ನಗರಸಭೆ ಕೂಡಿದ ದಿನ ಹಿಂದಿನ ಬೆಂಚಿನಲ್ಲಿ ತುರ್ದಿಮತ್ ಟೊಪ್ಪಿ ಹಿಂಡುತ್ತ ಕೂತ. ಪರೀಕ್ಷಕಿಯ ವರದಿ ಓದಿದರು. ಮೊಹಲ್ಲಾಕ್ಕೆ ಹಾಕಿದ್ದ ಹಳದಿ ರದ್ದು ಎನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಎಲ್ಲ ಕೈಗಳೂ ಎದ್ದವು.

ರೋಬಿಯಾ ತುರ್ದಿಮತ್‌ನ ಹೆಗಲು ಗುದ್ದಿದಳು. ಅವನ ಕಣ್ಣು ತುಂಬಿತು. ಗುಮಾಸ್ತ ಮಾತ್ರ ಓದು ನಿಲ್ಲಿಸಲಿಲ್ಲ.

"ಎರಡನೇ ವಿಷಯ. ಸದರಿ ಜಾಗವನ್ನು ಯಾತ್ರಾ ವಲಯವೆಂದು ಘೋಷಿಸಲಾಗಿದೆ. ಗೋರಿಯ ಸುತ್ತ ನೂರು ಮೀಟರಿನೊಳಗೆ, ಗೋರಿಯ ನಂತರ ಕಟ್ಟಿದ್ದೆಲ್ಲ ಒತ್ತುವರಿ. ಮೂವತ್ತು ದಿನದಲ್ಲಿ ತೆರವು. ಒತ್ತುವರಿದಾರರ ರುಜು ಬೇಕಿಲ್ಲ, ಬದಲಿ ಮನೆ ಇಲ್ಲ. ತೆರವಾದಲ್ಲಿ ಯಾತ್ರಿಕರ ಹೋಟೆಲು."

ರೋಬಿಯಾ ಎದ್ದು ನಿಂತಳು. "ಆ ನೂರು ಮೀಟರಲ್ಲೇ ಕಣಪ್ಪ ನಾವಿರೋದು."

"ಗೋರಿಗೆ ಆರುನೂರು ವರ್ಷ ಅಂತ ನೀವೇ ಬರೆದುಕೊಟ್ಟಿದ್ದೀರಿ, ಅಪಾ," ಎಂದರು ಅಧ್ಯಕ್ಷರು. "ನಿಮ್ಮ ಮನೆಗೆ ಎಷ್ಟು?"

ತುರ್ದಿಮತ್ ಜೈಲನ್ನು ಮರೆತ. "ಗೋರಿ ಸುಳ್ಳು. ಕಟ್ಟಿದ್ದು ನಾನು, ಈ ಕೈಯಲ್ಲಿ."

"ಸಂತರ ವಿಷಯದಲ್ಲಿ ಹಾಗೆಲ್ಲ ಆಡಬಾರದು, ಉಸ್ತಾ. ವರದಿ ಇದೆ. ನಕ್ಷೆ ಇದೆ. ಬೇಕಾದ್ರೆ ನೋಡಿಕೊಳ್ಳಿ."

ನಕ್ಷೆ ಕೈಯಿಂದ ಕೈಗೆ ದಾಟಿ ಅವನ ತೊಡೆಗೆ ಬಂತು. ನಡುವೆ ಹಿಪ್ಪುನೇರಳೆ ಮರ, ಮರದ ಕೆಳಗೆ ಗೋರಿ. ಗೋರಿಯ ಸುತ್ತ ನಲವತ್ತು ಮನೆಗಳನ್ನೂ ಒಳಗೆ ಹಾಕಿಕೊಂಡ ಒಂದು ಹಸಿರು ವೃತ್ತ, ಸರಿಯಾಗಿ ಚಹಾದ ಬಟ್ಟಲಿನಷ್ಟು. ಮೂಲೆಯಲ್ಲಿ ನಕ್ಷೆ ಬರೆದ ಅಧಿಕಾರಿಯ ರುಜು: ಸಯ್ದುಲ್ಲೊ.

ರುಜುವಿನ ಕೆಳಗೆ ದಿನಾಂಕವಿತ್ತು: ಫೆಬ್ರವರಿ ಒಂಬತ್ತು.